ಇಂದ್ರಿಯಗಳ ಸಾಕ್ಷಿ, ಬುದ್ಧಿಯ ತೀರ್ಪು

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಭಕ್ತಿ, ಜ್ಞಾನ, ವೈರಾಗ್ಯಗಳ ವಿಷಯವಾಗಿ ಈ ವೇದಿಕೆಯಿಂದ ಅಧಿಕಾರಿಗಳಾದವರು ಮಾತಾಡಿರುವರು. ಅವರ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ನನಗಿಲ್ಲ. ಆದಕಾರಣ ಅದಕ್ಕಿಂತ ಕೆಳಗಿನ ಮೆಟ್ಟಿಲಿನ ವಿಷಯವೊಂದನ್ನು ಆರಿಸಿಕೊಂಡಿರುವೆನು. ನಮ್ಮ ಕಣ್ಣು, ಕಿವಿ, ತ್ವಕ್ಕುಗಳು ನಮಗೆ ತಂದೊಪ್ಪಿಸುವ ಸುದ್ದಿಯನ್ನು ನಾವು ಎಷ್ಟರ ಮಟ್ಟಿಗೆ ನಂಬಬಹುದು? ಅವು ಯಾವಾಗ ಮೋಸಹೋಗುತ್ತವೆ? ಮೋಸಹೋಗುವುದು ಅವುಗಳೋ, ಅವುಗಳ ಹಿಂದಿರುವ ನಾವೋ? ಇದೇ ಇಂದಿನ ವಿಚಾರ. ವಾದವನ್ನು ಮುಗಿಸಬೇಕೆಂದಾಗ ನಾವು "ಕಣ್ಣಾರೆ ಕಂಡಿದ್ದೇನೆ" ಎನ್ನುತ್ತೇವೆ. ಆ ಮಾತಿನ ಮುಂದೆ ಬೇರೆ ಮಾತಿಲ್ಲವೆಂದು ನಮ್ಮ ಭಾವನೆ. ಆದರೆ ನಮ್ಮ ಹಿರಿಯರೇ ಮತ್ತೊಂದು ಗಾದೆಯನ್ನೂ ಕಟ್ಟಿಟ್ಟಿರುವರು: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ನಾನು ಈಗ ಹೇಳತಕ್ಕುದೆಲ್ಲವೂ ಈ ಒಂದು ಗಾದೆಯ ವ್ಯಾಖ್ಯಾನವೆಂದು ತಾವು ತಿಳಿಯಬೇಕು.

ಮಬ್ಬುಗತ್ತಲೆಯಲ್ಲಿ ಬಿದ್ದಿರುವ ಹಗ್ಗ ಹಾವಾಗಿ ತೋರುವ ದೃಷ್ಟಾಂತವನ್ನು ತಾವೆಲ್ಲರೂ ಪುರಾಣ ಪ್ರವಚನಗಳಲ್ಲಿ ಕೇಳಿರುವಿರಿ. ಅದನ್ನೇ ತುಸು ನಿಧಾನವಾಗಿ ಬಿಡಿಸಿ ನೋಡೋಣ. ಅಲ್ಲಿ ಕಣ್ಣು ಹೇಳಿದ್ದೇನು? ಉದ್ದವಾದ, ಡೊಂಕುಡೊಂಕಾದ ಒಂದು ವಸ್ತು ನೆಲದ ಮೇಲೆ ಬಿದ್ದಿದೆ ಎಂಬಷ್ಟನ್ನೇ. ಅದು ಸುಳ್ಳಲ್ಲ, ಹಗ್ಗ ಉದ್ದವೂ ಹೌದು, ಡೊಂಕೂ ಹೌದು. "ಹಾವು" ಎಂಬ ಶಬ್ದವನ್ನು ಕಣ್ಣು ಹೇಳಲಿಲ್ಲ, ಮನಸ್ಸು ಹೇಳಿತು. ಒಂದನ್ನು ಮತ್ತೊಂದಾಗಿ ತಿಳಿಯುವ ಈ ದೋಷಕ್ಕೆ ನಮ್ಮ ನೈಯಾಯಿಕರು ಅನ್ಯಥಾಖ್ಯಾತಿ ಎಂಬ ಹೆಸರಿಟ್ಟರು. ನ್ಯಾಯಸ್ಥಾನದ ಮಾತಿನಲ್ಲಿ ಹೇಳುವುದಾದರೆ, ಇಂದ್ರಿಯಗಳು ಸಾಕ್ಷಿಗಳು, ಬುದ್ಧಿಯು ನ್ಯಾಯಾಧೀಶ. ಸಾಕ್ಷಿಯು ತನಗೆ ತಿಳಿದಷ್ಟನ್ನು ಹೇಳಿ ಸುಮ್ಮನಾಯಿತು. ವಿಚಾರಣೆ ಮುಗಿಯುವ ಮೊದಲೇ ತೀರ್ಪು ಕೊಟ್ಟದ್ದು ನ್ಯಾಯಾಧೀಶನ ತಪ್ಪು.

ಆದರೂ ಈ ಅವಸರಕ್ಕೆ ಕಾರಣವಿಲ್ಲದಿಲ್ಲ. ಹತ್ತು ಹಗ್ಗಗಳನ್ನು ಹಾವೆಂದು ತಿಳಿದು ಹತ್ತು ಸಲ ಹಿಂದೆ ಜಿಗಿದವನಿಗೆ ಹೋಗುವುದು ಒಂದಿಷ್ಟು ಉಸಿರು ಮಾತ್ರ. ಒಂದು ಹಾವನ್ನು ಹಗ್ಗವೆಂದು ತಿಳಿದು ಕಾಲಿಟ್ಟವನಿಗೆ ಹೋಗುವುದು ಪ್ರಾಣವೇ. ಆದುದರಿಂದ ಅರೆಬರೆ ಸುಳಿವಿನಿಂದ ಇಡಿಯ ಚಿತ್ರವನ್ನು ಕಲ್ಪಿಸಿಕೊಳ್ಳುವ ಶಕ್ತಿಯು ಜೀವಿಗಳಿಗೆ ರಕ್ಷಣೆಯ ಸಲುವಾಗಿ ಬಂದದ್ದು. ಹನ್ನೊಂದನೆಯ ಶತಮಾನದಲ್ಲಿ ಕೈರೋ ಪಟ್ಟಣದಲ್ಲಿ ಬೆಳಕಿನ ಶಾಸ್ತ್ರವನ್ನು ಬರೆದ ಇಬ್ನ್ ಅಲ್-ಹೈಥಮ್ ಎಂಬ ಪಂಡಿತನು, ನೋಡುವುದರಲ್ಲಿ ಕಣ್ಣಿನ ಕೆಲಸದೊಡನೆ ತೀರ್ಮಾನದ ಕೆಲಸವೂ ಬೆರೆತಿರುತ್ತದೆಂದು ತಿಳಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿಯು, ನೋಟವೆಂಬುದು ನಮಗೆ ಅರಿವಾಗದಂತೆ ಒಳಗೇ ನಡೆಯುವ ಅನುಮಾನವೆಂದನು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಅನುಮಾನ ನಮಗೆ ತಿಳಿದೇ ನಡೆಯುತ್ತದೆ. ನೋಟದಲ್ಲಿಯ ಅನುಮಾನವು ತಿಳಿಯದೆ ನಡೆಯುತ್ತದೆ. ಭೇದವು ಇಷ್ಟೇ.

ಇದನ್ನು ತಾವು ಕುಳಿತಲ್ಲಿಯೇ ಪರೀಕ್ಷಿಸಬಹುದು. ಎಡಗಣ್ಣನ್ನು ಮುಚ್ಚಿರಿ. ಎರಡೂ ಕೈಗಳನ್ನು ಮುಂದೆ ನೀಡಿ ಹೆಬ್ಬೆರಳುಗಳನ್ನು ಮೇಲೆತ್ತಿ ಹಿಡಿಯಿರಿ. ಬಲಗಣ್ಣಿನಿಂದ ಎಡಗೈಯ ಹೆಬ್ಬೆರಳನ್ನೇ ನೆಟ್ಟು ನೋಡುತ್ತ, ಬಲಗೈಯನ್ನು ಮೆಲ್ಲಮೆಲ್ಲನೆ ಬಲಕ್ಕೆ ಸರಿಸಿರಿ. ಸುಮಾರು ಆರು ಅಂಗುಲ ಸರಿಯುವಷ್ಟರಲ್ಲಿ ಬಲಗೈಯ ಹೆಬ್ಬೆರಳಿನ ತುದಿ ಮಾಯವಾಗುತ್ತದೆ. ಇನ್ನೂ ಸರಿಸಿದರೆ ಮರಳಿ ಕಾಣುತ್ತದೆ. ಕಣ್ಣಿನೊಳಗಣ ಪರದೆಯಿಂದ ನರವು ಹೊರಗೆ ಹೋಗುವ ಸ್ಥಳದಲ್ಲಿ ಬೆಳಕನ್ನು ಗ್ರಹಿಸುವ ಶಕ್ತಿಯಿಲ್ಲ. ಈ ಕುರುಡುಬಿಂದುವನ್ನು ಫ್ರಾನ್ಸ್ ದೇಶದ ಮಾರಿಯೊತ್ ಎಂಬವರು 1660ರ ದಶಕದಲ್ಲಿ ಕಂಡುಹಿಡಿದರು. ಪ್ರತಿಯೊಬ್ಬರ ಪ್ರತಿಯೊಂದು ಕಣ್ಣಿನಲ್ಲಿಯೂ ಅದು ಇದೆ. ಹಾಗಿದ್ದೂ ಒಂದು ಕಣ್ಣು ಮುಚ್ಚಿದಾಗ ಲೋಕದಲ್ಲಿ ತೂತು ಬಿದ್ದಂತೆ ಯಾರಿಗೂ ಕಾಣುವುದಿಲ್ಲ. ಸುತ್ತಲಿನ ಬಣ್ಣದಿಂದಲೇ ಮನಸ್ಸು ಆ ತೂತಿಗೆ ತೇಪೆ ಹಾಕಿಬಿಡುತ್ತದೆ. ತೇಪೆ ಹಾಕಿದುದನ್ನು ನಮಗೆ ಹೇಳುವುದಿಲ್ಲ. ಕಾಣದುದನ್ನು ಕಂಡೆವೆಂದು ನಾವೆಲ್ಲರೂ ದಿನವೆಲ್ಲ ನಂಬಿಕೊಂಡೇ ನಡೆದಿದ್ದೇವೆ.

ಭ್ರಮೆಗಳಲ್ಲಿ ಎರಡು ಬಗೆಗಳನ್ನು ಬೇರೆಬೇರೆಯಾಗಿ ತಿಳಿದುಕೊಳ್ಳುವುದು ಅವಶ್ಯ. ಮೊದಲನೆಯದು ಹೊರಗಿನ ಕಾರಣದಿಂದ ಆಗುವುದು. ಚೈತ್ರ ವೈಶಾಖಗಳ ನಡುಹಗಲಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ದೂರದ ರಸ್ತೆಯ ಮೇಲೆ ನೀರು ನಿಂತಂತೆ ಹೊಳೆಯುವುದನ್ನು ತಾವು ಕಂಡಿರಬಹುದು. ಹತ್ತಿರ ಹೋದಂತೆ ಅದು ಹಿಂದಕ್ಕೆ ಸರಿಯುತ್ತದೆ. ಇದೇ ಮರೀಚಿಕೆ. ಕಾದ ರಸ್ತೆಯ ಮೇಲಿನ ಗಾಳಿ ಬಿಸಿಯಾಗಿ ತೆಳುವಾಗುತ್ತದೆ. ಆಕಾಶದಿಂದ ಇಳಿದುಬರುವ ಬೆಳಕು ಆ ತೆಳುಗಾಳಿಯಲ್ಲಿ ಮೇಲಕ್ಕೆ ಬಾಗಿ ನಮ್ಮ ಕಣ್ಣಿಗೆ ಬರುತ್ತದೆ. ನಾವು ನೀರೆಂದು ತಿಳಿದದ್ದು ನಿಜವಾಗಿ ಆಕಾಶದ ಬೆಳಕು. ಛಾಯಾಚಿತ್ರ ತೆಗೆದರೆ ಅದರಲ್ಲಿಯೂ ಆ ಹೊಳಪು ಮೂಡುವುದು. ಹಂಪೆಯ ವಿರೂಪಾಕ್ಷ ದೇವಾಲಯದ ಹಿಂಭಾಗದ ಕೋಣೆಯೊಂದರಲ್ಲಿ ಮುಂದಿನ ಮಹಾಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಯಾತ್ರಿಕರು ನೋಡಿ ಬೆರಗಾಗುತ್ತಾರೆ. ಅಲ್ಲಿಯೂ ಕಾರಣವು ಹೊರಗಿನದೇ. ಗೋಡೆಯಲ್ಲಿರುವ ಕಿರುಗಂಡಿಯೊಳಗಿಂದ ಬೆಳಕು ನೆಟ್ಟಗೆ ಸಾಗುವುದರಿಂದ, ಗೋಪುರದ ಶಿಖರದಿಂದ ಬಂದ ಬೆಳಕು ಗೋಡೆಯ ಕೆಳಭಾಗಕ್ಕೂ ಬುಡದಿಂದ ಬಂದುದು ಮೇಲ್ಭಾಗಕ್ಕೂ ಮುಟ್ಟುತ್ತದೆ. ಇವೆರಡರಲ್ಲಿಯೂ ಕಣ್ಣು ಮೋಸಹೋಗಿಲ್ಲ. ಬೆಳಕೇ ಹಾಗೆ ಬಂದಿತು, ಕಣ್ಣು ಹಾಗೆಯೇ ವರದಿ ಮಾಡಿತು.

ಈ ಹಂಪೆಯ ದೃಷ್ಟಾಂತದಿಂದಲೇ ಎರಡನೆಯ ಬಗೆಗೆ ದಾರಿ ದೊರೆಯುತ್ತದೆ. ನಮ್ಮ ಕಣ್ಣೂ ಅಂಥದೊಂದು ಕತ್ತಲೆಯ ಕೋಣೆಯೇ ಆಗಿದೆ. ಅದರ ಹಿಂದಣ ಪರದೆಯ ಮೇಲೆ ಲೋಕವೆಲ್ಲ ತಲೆಕೆಳಗಾಗಿಯೇ ಮೂಡುತ್ತದೆಂಬುದನ್ನು ಕೆಪ್ಲರ್ ಎಂಬ ಜ್ಯೋತಿರ್ವಿದನು 1604ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟನು. ಆದರೂ ಗೋಪುರವು ನಮಗೆ ನೆಟ್ಟಗೆ ಕಾಣುತ್ತದೆ. ಅಂದಮೇಲೆ ನೋಡುವವನು ಕಣ್ಣಲ್ಲ. ಕಣ್ಣು ತಂದುದನ್ನು ಓದಿ ಅರ್ಥ ಮಾಡುವವನು ಒಳಗೆ ಬೇರೆ ಇದ್ದಾನೆ. ಆ ಓದಿನಲ್ಲಿ ಆಗುವ ತಪ್ಪುಗಳೇ ಒಳಗಿನ ಕಾರಣದ ಭ್ರಮೆಗಳು.

ಹುಣ್ಣಿಮೆಯ ಸಂಜೆ ಉಣಕಲ್ ಕೆರೆಯ ದಂಡೆಯ ಮೇಲೆ ನಿಂತು ಮೂಡಣದಲ್ಲಿ ಚಂದ್ರನು ಏಳುವುದನ್ನು ನೋಡಿರಿ. ದೊಡ್ಡ ತಟ್ಟೆಯಂತೆ ಕಾಣುವನು. ನಡುರಾತ್ರಿಗೆ ನೆತ್ತಿಯ ಮೇಲೆ ಬಂದಾಗ ಅದೇ ಚಂದ್ರನು ಕಿರಿದಾಗಿ ಕಾಣುವನು. ಈಗ ಎರಡೂ ಹೊತ್ತಿನಲ್ಲಿ ಕೈಯನ್ನು ಪೂರ್ಣವಾಗಿ ಚಾಚಿ ಕಿರುಬೆರಳನ್ನು ಚಂದ್ರನಿಗೆ ಅಡ್ಡ ಹಿಡಿಯಿರಿ. ಎರಡು ಸಲವೂ ಬೆರಳು ಅವನನ್ನು ಒಂದೇ ಸಮನಾಗಿ ಮುಚ್ಚಿಬಿಡುವುದು. ಚಂದ್ರಬಿಂಬದ ಅಳತೆ ಎರಡು ಹೊತ್ತಿನಲ್ಲಿಯೂ ಸುಮಾರು ಅರ್ಧ ಅಂಶವೇ. ಬೆಳೆದದ್ದೂ ಕುಗ್ಗಿದ್ದೂ ಮನಸ್ಸಿನಲ್ಲಿ. ಇದರ ಪೂರ್ಣ ಕಾರಣದ ವಿಷಯದಲ್ಲಿ ಪಂಡಿತರಿಗೆ ಇಂದಿಗೂ ಒಮ್ಮತವಿಲ್ಲ. ಆದರೆ ನಾವು ಗಮನಿಸತಕ್ಕ ಸಂಗತಿ ಬೇರೆಯೇ ಇದೆ: ಬೆರಳಿನಿಂದ ಅಳೆದು ನೋಡಿದ ತರುವಾಯವೂ, ಕೈ ಕೆಳಗಿಳಿಸಿದೊಡನೆ ಮೂಡುವ ಚಂದ್ರನು ಮತ್ತೆ ದೊಡ್ಡವನೇ. ತಿಳಿದವನಿಗೂ ಹಾಗೆಯೇ, ತಿಳಿಯದವನಿಗೂ ಹಾಗೆಯೇ. ಹಗ್ಗದ ಮೇಲಿನ ಹಾವು ದೀಪ ತಂದೊಡನೆ ಹೋಗುವುದು. ಈ ಬಗೆಯ ಭ್ರಮೆಯು ಜ್ಞಾನದೀಪ ಹತ್ತಿದರೂ ಹೋಗುವುದಿಲ್ಲ. ಜ್ಞಾನವು ಭ್ರಮೆಯನ್ನು ಅಳಿಸದಿದ್ದರೂ ಅದರಂತೆ ನಡೆಯದ ಹಾಗೆ ನಮ್ಮನ್ನು ತಡೆಯಬಲ್ಲದು. ಈ ಒಂದು ಮಾತನ್ನು ದಯಮಾಡಿ ನೆನಪಿನಲ್ಲಿಡಬೇಕು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಕಣ್ಣಿನ ಮಾತಾಯಿತು. ಕಿವಿಯ ಮಾತನ್ನು ನಮ್ಮ ಊರಿನಲ್ಲಿ ಹೇಳದೆ ಬಿಟ್ಟರೆ ಅಪರಾಧವಾದೀತು. ಕುಂದಗೋಳದ ಸವಾಯಿ ಗಂಧರ್ವರು, ಧಾರವಾಡದ ಬಳಿಯ ಮನಸೂರಿನ ಮಲ್ಲಿಕಾರ್ಜುನರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು ಇವರೆಲ್ಲರ ಹಾಡಿನ ಹಿಂದೆ ತಂಬೂರಿಯು ನಿಂತಿತ್ತು. ತಂಬೂರಿಗೆ ನಾಲ್ಕು ತಂತಿಗಳು. ಸಾಮಾನ್ಯವಾಗಿ ಒಂದು ಪಂಚಮಕ್ಕೆ, ಉಳಿದ ಮೂರು ಷಡ್ಜಕ್ಕೆ. ಗಾಂಧಾರಕ್ಕೆ ಶ್ರುತಿ ಮಾಡಿದ ತಂತಿಯೇ ಇಲ್ಲ. ಆದರೂ ತಂಬೂರಿ ಚೆನ್ನಾಗಿ ಕೂಡಿಬಂದಾಗ ಅದರ ನಾದದೊಳಗಿಂದ ಗಾಂಧಾರವು ತಾನಾಗಿಯೇ ಕೇಳುತ್ತದೆ. ಗಾಯಕರು ಅದನ್ನು ಸ್ವಯಂಭೂ ಗಾಂಧಾರವೆನ್ನುವರು. ಕೇಳಲರಿಯದವನು "ಇದು ನಿಮ್ಮ ಭ್ರಮೆ" ಎಂದಾನು. ಆದರೆ ಅದು ಭ್ರಮೆಯಲ್ಲ. ತಂತಿಯು ಇಡಿಯಾಗಿ ಕಂಪಿಸುತ್ತಲೇ ಎರಡು ಭಾಗವಾಗಿ, ಮೂರಾಗಿ, ನಾಲ್ಕಾಗಿ, ಐದಾಗಿಯೂ ಕಂಪಿಸುತ್ತದೆ. ಖರ್ಜದ ತಂತಿಯು ಸೆಕೆಂದಿಗೆ 70 ಸಲ ಕಂಪಿಸಿದರೆ ಅದರ ಐದನೆಯ ಪಾಲಿನ ಕಂಪನವು 350 ಆಗುತ್ತದೆ. ಎರಡು ಸಪ್ತಕ ಮೇಲಿನ ಷಡ್ಜವು 280. ಇವೆರಡರ ಪ್ರಮಾಣವು ಐದಕ್ಕೆ ನಾಲ್ಕು; ಅದೇ ಗಾಂಧಾರ. ತಂಬೂರಿಯ ಕುದುರೆಯ ಬಾಗು ಮೈಯೂ ಅದರ ಮೇಲಿಡುವ ಜವಾರಿಯ ಎಳೆಯೂ ಈ ಒಳದನಿಗಳನ್ನು ಹೇಗೆ ಎಬ್ಬಿಸುತ್ತವೆಂಬುದನ್ನು ಚಂದ್ರಶೇಖರ ವೆಂಕಟರಾಮನ್ನರು 1921ರಲ್ಲಿ ವಿವರಿಸಿದರು.

ಇದಕ್ಕೆ ವಿರುದ್ಧವಾದ ದೃಷ್ಟಾಂತವನ್ನೂ ನೋಡಿರಿ. ಗಂಡಸಿನ ಮಾತಿನ ಮೂಲದನಿಯು ಸೆಕೆಂದಿಗೆ ಸುಮಾರು 100ರಿಂದ 150 ಕಂಪನಗಳದು. ಹಳೆಯ ದೂರವಾಣಿಯ ತಂತಿಯು ಸುಮಾರು 300ಕ್ಕಿಂತ ಕೆಳಗಿನ ದನಿಯನ್ನು ಸಾಗಿಸುತ್ತಲೇ ಇರಲಿಲ್ಲ. ಆ ಮೂಲದನಿಯು ತಂತಿಯಲ್ಲಿ ಬರಲೇ ಇಲ್ಲ. ಆದರೂ ಆಚೆಯಿಂದ ಮಾತಾಡುವ ತಂದೆಯ ದನಿ ಮಗನಿಗೆ ತಂದೆಯ ದನಿಯಾಗಿಯೇ ಕೇಳುತ್ತಿತ್ತು. ಮೇಲಿನ ದನಿಗಳ ಅಂತರವನ್ನು ಹಿಡಿದು ಮನಸ್ಸೇ ಮೂಲದನಿಯನ್ನು ಕಟ್ಟಿಕೊಳ್ಳುತ್ತಿತ್ತು. ತಂಬೂರಿಯಲ್ಲಿ, ಇಲ್ಲವೆಂದು ನಾವು ತಿಳಿದದ್ದು ಇತ್ತು. ದೂರವಾಣಿಯಲ್ಲಿ, ಇದೆಯೆಂದು ನಾವು ತಿಳಿದದ್ದು ಇರಲಿಲ್ಲ. ಆದಕಾರಣ ಕೇಳಿದೊಡನೆ ಇದೆಯೆನ್ನುವುದೂ ಅವಸರ, ವಿಚಾರಿಸದೆ ಇಲ್ಲವೆನ್ನುವುದೂ ಅವಸರ. ಎಲ್ಲವನ್ನೂ ನಂಬುವವನೂ ಯಾವುದನ್ನೂ ನಂಬದವನೂ ಪ್ರಮಾಣಿಸಿ ನೋಡುವ ಕಷ್ಟವನ್ನು ತಪ್ಪಿಸಿಕೊಂಡವರೇ.

ಇಷ್ಟೆಲ್ಲ ಕೇಳಿ, "ಚಂದ್ರನು ದೊಡ್ಡವನಾಗಿ ಕಂಡರೆ ನಮಗೇನು ನಷ್ಟ?" ಎಂದು ತಾವು ಕೇಳಬಹುದು. ಚಂದ್ರನಿಂದ ನಷ್ಟವಿಲ್ಲ. ಆದರೆ ಅದೇ ದೋಷವು ಪ್ರಾಣ, ಧನ, ಮಾನಗಳೆಂಬ ಮೂರು ಎಡೆಗಳಲ್ಲಿ ನಮ್ಮನ್ನು ಕಾಡುತ್ತದೆ. ಒಂದೊಂದನ್ನೇ ಬಿನ್ನವಿಸುತ್ತೇನೆ.

ಮೊದಲನೆಯದು ಪ್ರಾಣ. ನಮ್ಮ ಹುಬ್ಬಳ್ಳಿಯು ರೇಲ್ವೆಯ ಊರು. 2003ರಿಂದ ನೈಋತ್ಯ ರೇಲ್ವೆಯ ಮುಖ್ಯಸ್ಥಾನ ಇಲ್ಲಿಯೇ ಇದೆ. 1507 ಮೀಟರ ಉದ್ದದ ಪ್ಲಾಟ್‌ಫಾರ್ಮು 2023ರಲ್ಲಿ ಇಲ್ಲಿಯೇ ಲೋಕಾರ್ಪಣೆಯಾಯಿತು. ನಿಂತ ಗಾಡಿಯಲ್ಲಿ ಕುಳಿತಿರುವಾಗ ಪಕ್ಕದ ಗಾಡಿ ಚಲಿಸಿದರೆ ನಮ್ಮದೇ ಹೊರಟಿತೆಂದು ಅನ್ನಿಸುವುದು ಎಲ್ಲರ ಅನುಭವ. ಅದು ನಗೆಯ ಮಾತು. ಹಳಿ ದಾಟುವವನ ಭ್ರಮೆಯು ನಗೆಯ ಮಾತಲ್ಲ. ಗಂಟೆಗೆ 100 ಕಿಲೋಮೀಟರ ವೇಗದ ಗಾಡಿಯು ಒಂದು ಕಿಲೋಮೀಟರ ದೂರದಲ್ಲಿ ನಮ್ಮ ಕಡೆಗೆ ನೆಟ್ಟಗೆ ಬರುತ್ತಿದೆಯೆಂದು ತಿಳಿಯಿರಿ. ಅದು ನಮ್ಮನ್ನು ಮುಟ್ಟಲು 36 ಸೆಕೆಂದು ಬೇಕು. ಮೊದಲಿನ 18 ಸೆಕೆಂದುಗಳಲ್ಲಿ ಅದರ ಆಕಾರವು ಕಣ್ಣಿಗೆ ಎರಡರಷ್ಟು ಮಾತ್ರ ಆಗುವುದು. ಚುಕ್ಕೆಯು ತುಸು ದೊಡ್ಡ ಚುಕ್ಕೆಯಾಯಿತು, ಅಷ್ಟೆ. ಮುಂದಿನ 9 ಸೆಕೆಂದುಗಳಲ್ಲಿ ನಾಲ್ಕರಷ್ಟು, ತರುವಾಯದ ನಾಲ್ಕೂವರೆ ಸೆಕೆಂದುಗಳಲ್ಲಿ ಎಂಟರಷ್ಟು. ಆಗ ಉಳಿಯುವುದು ನಾಲ್ಕೂವರೆ ಸೆಕೆಂದು ಮಾತ್ರ. ಗಾಡಿಯ ವೇಗವು ಮೊದಲಿನಿಂದಲೂ ಒಂದೇ. ಕಣ್ಣಿಗೆ ಮಾತ್ರ ಮೊದಲು ನಿಂತಂತೆಯೂ ಕೊನೆಗೆ ಮೇಲೆ ಹಾರಿ ಬಿದ್ದಂತೆಯೂ ತೋರುವುದು. ಸಾಲದುದಕ್ಕೆ, ದೊಡ್ಡ ವಸ್ತುವು ಅದೇ ವೇಗದ ಚಿಕ್ಕ ವಸ್ತುವಿಗಿಂತ ನಿಧಾನವಾಗಿ ಚಲಿಸುವಂತೆ ಕಾಣುವುದೆಂದು ಅಮೇರಿಕದ ಲೈಬೊವಿಟ್ಸ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ಎತ್ತಿ ತೋರಿಸಿದರು. ಗೇಟು ಬಿದ್ದಮೇಲೆ ಸೈಕಲ್ಲನ್ನು ಬಗ್ಗಿಸಿ ತೂರಿಸುವವನು ಧೈರ್ಯವಂತನಲ್ಲ. ಚಂದ್ರನನ್ನು ದೊಡ್ಡದಾಗಿ ತೋರಿಸುವ ಕಣ್ಣನ್ನೇ ನಂಬಿ ಪ್ರಾಣವನ್ನು ಪಣಕ್ಕಿಟ್ಟವನು. ಗೇಟು ಹಾಕುವುದು ಕಣ್ಣಿನ ಅಂದಾಜಿನ ಮೇಲಲ್ಲ, ಗಾಡಿ ಹೊರಟ ಸುದ್ದಿಯ ಮೇಲೆ. ಅದು ಪ್ರಮಾಣಿಸಿ ನೋಡಿದ ಮಾತು. ಮಕ್ಕಳಿಗೆ "ಎಚ್ಚರದಿಂದ ನೋಡಿ ದಾಟು" ಎಂದರೆ ಸಾಲದು. "ನಿನ್ನ ಕಣ್ಣಿಗೆ ಅದು ದೂರವೆಂದು ತೋರಿದರೂ ನಿಲ್ಲು" ಎಂದು ಹೇಳಬೇಕು.

ಎರಡನೆಯದು ಧನ. ಒಂದೇ ತೂಕದ ಎರಡು ಡಬ್ಬಿಗಳನ್ನು ತೆಗೆದುಕೊಳ್ಳಿರಿ, ಒಂದು ಚಿಕ್ಕದು, ಒಂದು ದೊಡ್ಡದು. ಕೈಯಲ್ಲಿ ಎತ್ತಿದರೆ ಚಿಕ್ಕದೇ ಭಾರವೆನಿಸುವುದು. ತಕ್ಕಡಿಯಲ್ಲಿ ಸರಿತೂಗಿ ತೋರಿಸಿದ ಮೇಲೂ ಕೈಯು ಒಪ್ಪುವುದಿಲ್ಲ. 1891ರಲ್ಲಿ ಫ್ರಾನ್ಸಿನ ಶಾರ್ಪಾಂತಿಯೆ ಎಂಬ ವೈದ್ಯನು ಇದನ್ನು ಬರೆದಿಟ್ಟನು. ತ್ವಕ್ಕಿನ ಗತಿಯೂ ಇದೇ. ಒಂದು ಕೈಯನ್ನು ಬಿಸಿನೀರಿನಲ್ಲಿಯೂ ಮತ್ತೊಂದನ್ನು ತಣ್ಣೀರಿನಲ್ಲಿಯೂ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಇಡಿರಿ. ಒಂದೇ ಪಾತ್ರೆಯ ನೀರನ್ನು ಒಂದು ಕೈ ತಂಪೆನ್ನುವುದು, ಮತ್ತೊಂದು ಕೈ ಬಿಸಿಯೆನ್ನುವುದು. ಆದುದರಿಂದಲೇ ಪೇಟೆಯಲ್ಲಿ ಹಿರಿಯರು ಕೈಯಂದಾಜನ್ನು ನಂಬದೆ ತಕ್ಕಡಿಯನ್ನು ತೂಗುಹಾಕಿದರು. ತಕ್ಕಡಿ ಇರುವುದು ಕೊಡುವವನು ಕಳ್ಳನೆಂದಲ್ಲ. ಪ್ರಾಮಾಣಿಕನ ಕೈಯೂ ತಪ್ಪುತ್ತದೆಂದು.

ಇನ್ನು ಬೇಕೆಂದೇ ಮೋಸಮಾಡುವವರ ವಿಷಯ. ಒಂದೆಡೆ ಗಮನವನ್ನು ಕಟ್ಟಿಹಾಕಿದರೆ ಮತ್ತೊಂದೆಡೆ ನಡೆಯುವುದು ಕಣ್ಣೆದುರಿದ್ದರೂ ಕಾಣುವುದಿಲ್ಲ. 1999ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಚೆಂಡನ್ನು ಒಬ್ಬರಿಂದೊಬ್ಬರಿಗೆ ಎಸೆಯುವ ಆಟಗಾರರ ಚಿತ್ರವನ್ನು ತೋರಿಸಿ, ಎಷ್ಟು ಸಲ ಎಸೆದರೆಂದು ಎಣಿಸಲು ಹೇಳಿದರು. ಆಟದ ನಡುವೆ ಗೊರಿಲ್ಲದ ವೇಷ ಹಾಕಿದ ಒಬ್ಬ ವ್ಯಕ್ತಿ ನಡೆದು ಬಂದು ಎದೆ ಬಡಿದುಕೊಂಡು ಹೋಗುತ್ತದೆ. ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧ ಜನರು ಅದನ್ನು ಕಾಣಲೇ ಇಲ್ಲ. ಗಾರುಡಿಗನ ವಿದ್ಯೆಯ ಬುಡವು ಇದೇ. ಅವನು ಇದು ಆಟವೆಂದು ಹೇಳಿಯೇ ಆಡುತ್ತಾನೆ. ಆ ವಿದ್ಯೆಗೆ ನಮ್ಮ ಗೌರವವಿರಲಿ. ಆದರೆ ಅದೇ ಕೈಚಳಕವನ್ನು ದೈವಶಕ್ತಿಯೆಂದು ಹೇಳಿ, ಒಡವೆಯನ್ನು ಇಮ್ಮಡಿ ಮಾಡಿಕೊಡುವೆನೆಂದು ಬಡವಳ ಕೊರಳಿನ ತಾಳಿಯನ್ನು ಕೊಂಡೊಯ್ಯುವವನು ಗಾರುಡಿಗನಲ್ಲ, ಕಳ್ಳ. ಇಂಥವುಗಳ ಸತ್ಯಾಸತ್ಯತೆಯನ್ನು ಪರೀಕ್ಷಿಸಬೇಕೆಂದು ಬೆಂಗಳೂರು ವಿಶ್ವವಿದ್ಯಾಲಯದ ಅಂದಿನ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಒಂದು ಸಮಿತಿಯನ್ನೇ ನೇಮಿಸಿದರು. ಭೌತಶಾಸ್ತ್ರದ ಅಧ್ಯಾಪಕರೂ ಬ್ರಹ್ಮಚಾರಿಗಳೂ ಸರಳ ಜೀವನದವರೂ ಆಗಿದ್ದ ಅವರು, ಪ್ರಶ್ನಿಸುವುದೇ ಜ್ಞಾನದ ಬಾಗಿಲೆಂದು ನಂಬಿದ್ದರು.

ಇಲ್ಲಿ ಸೂಕ್ಷ್ಮವಾದ ಮಾತೊಂದನ್ನು ವಿನಯದಿಂದ ಹೇಳುವೆನು. 1995ನೆಯ ಇಸವಿ ಸೆಪ್ಟೆಂಬರ 21ರಂದು ಗಣಪತಿಯ ಮೂರ್ತಿಗಳು ಹಾಲು ಕುಡಿಯುತ್ತಿವೆಯೆಂಬ ಸುದ್ದಿ ದೇಶವನ್ನೆಲ್ಲ ವ್ಯಾಪಿಸಿತು, ಪರದೇಶಗಳಿಗೂ ಹಬ್ಬಿತು. ಜನರು ಚಮಚೆಗಳನ್ನು ಹಿಡಿದು ಸಾಲುಗಟ್ಟಿ ನಿಂತರು. ಹಾಲು ಚಮಚೆಯಿಂದ ಕಡಿಮೆಯಾದದ್ದು ಸುಳ್ಳಲ್ಲ. ಕಣ್ಣಿನ ಸಾಕ್ಷಿ ಅಷ್ಟರ ಮಟ್ಟಿಗೆ ನಿಜವೇ. ದ್ರವಕ್ಕೆ ತನ್ನ ಮೇಲ್ಮೈಯನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣವಿದೆ. ತುಂಬಿದ ಚಮಚೆಯ ಅಂಚು ಕಲ್ಲಿಗೆ ತಗಲಿದೊಡನೆ ಹಾಲು ಕಲ್ಲಿಗೆ ಅಂಟಿ ತೆಳ್ಳನೆಯ ಪದರವಾಗಿ ಕೆಳಗೆ ಇಳಿಯುವುದು. ಬಿಳಿಯ ಹಾಲು ಒದ್ದೆಯ ಮೂರ್ತಿಯ ಮೇಲೆ ಇಳಿಯುವುದು ಕಾಣುವುದಿಲ್ಲ. ದಿಲ್ಲಿಯ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಅದು ಇಳಿಯುವ ದಾರಿಯನ್ನು ಕಾಣಿಸಿಕೊಟ್ಟರು. ಅಲ್ಲಿ ನಿಂತ ಭಕ್ತರ ಭಕ್ತಿಯನ್ನು ಹಳಿಯಲು ನಾನು ಇದನ್ನು ಹೇಳಲಿಲ್ಲ. ಅವರ ಭಕ್ತಿಯು ಹಿಂದಿನ ದಿನವೂ ಇತ್ತು, ಮರುದಿನವೂ ಉಳಿಯಿತು. ನಿಜವಾದ ಭಕ್ತಿಯು ಒಂದು ಚಮಚೆಯ ಹಾಲಿನ ಮೇಲೆ ನಿಂತಿರುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೂರನೆಯದು ಮಾನ, ಇದೇ ಎಲ್ಲಕ್ಕೂ ಗುರುತರವಾದುದು. ತನ್ನ ಕಣ್ಣಿನ ತಪ್ಪಿನಿಂದ ತನ್ನ ಪ್ರಾಣ, ತನ್ನ ಧನ ಹೋದರೆ ನಷ್ಟವು ತನ್ನದು. ತನ್ನ ಕಣ್ಣಿನ ತಪ್ಪಿನಿಂದ ಮತ್ತೊಬ್ಬರ ಮಾನ ಹೋದರೆ ಅದು ಪಾಪ. ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ಚಿತ್ರವಲ್ಲ. ತೆಗೆದಾಗಲೆಲ್ಲ ಹೊಸದಾಗಿ ಬರೆದುಕೊಳ್ಳುವ ಚಿತ್ರ. 1974ರಲ್ಲಿ ಅಮೇರಿಕದ ಎಲಿಜಬೆತ್ ಲಾಫ್ಟಸ್ ಎಂಬ ವಿದುಷಿ ಮತ್ತು ಅವರ ಸಹಾಯಕರು ಮೋಟಾರುಗಳು ಡಿಕ್ಕಿ ಹೊಡೆಯುವ ಒಂದೇ ಚಿತ್ರವನ್ನು ಎಲ್ಲರಿಗೂ ತೋರಿಸಿದರು. ಕೆಲವರಿಗೆ "ಗಾಡಿಗಳು ತಗಲಿದಾಗ ವೇಗವೆಷ್ಟಿತ್ತು?" ಎಂದೂ, ಕೆಲವರಿಗೆ "ಅಪ್ಪಳಿಸಿ ನುಗ್ಗಾದಾಗ ವೇಗವೆಷ್ಟಿತ್ತು?" ಎಂದೂ ಕೇಳಿದರು. ಅಪ್ಪಳಿಸಿದುವೆಂಬ ಶಬ್ದವನ್ನು ಕೇಳಿದವರು ಹೆಚ್ಚಿನ ವೇಗವನ್ನು ಹೇಳಿದರು. ಅಷ್ಟೇ ಅಲ್ಲ, ಒಂದು ವಾರದ ಮೇಲೆ ಒಡೆದ ಗಾಜನ್ನು ಕಂಡಿರಾ ಎಂದು ಕೇಳಿದಾಗ, ಅವರಲ್ಲಿಯೇ ಹೆಚ್ಚು ಜನರು ಕಂಡೆವೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಅವರು ಸುಳ್ಳು ಹೇಳಲಿಲ್ಲ. ಒಂದು ಶಬ್ದವು ಅವರ ನೆನಪಿನೊಳಕ್ಕೆ ಹೊಕ್ಕು ಗಾಜನ್ನು ಒಡೆದಿಟ್ಟಿತು.

ಇದನ್ನು ನಮ್ಮ ಹಳ್ಳಿಯ ಕಟ್ಟೆಗೆ ಹಚ್ಚಿ ನೋಡಿರಿ. ಒಬ್ಬನು ರಾತ್ರಿ ನಿದ್ದೆಯಿಂದ ಅರೆ ಎಚ್ಚರವಾದಾಗ ಕೈಕಾಲು ಅಲುಗಿಸಲಾರದೆ, ಎದೆಯ ಮೇಲೆ ಯಾರೋ ಕುಳಿತಂತೆ ಕಾಣುತ್ತಾನೆ. ಕನಸಿನ ಹೊತ್ತಿನಲ್ಲಿ ದೇಹವು ಅಲುಗದಂತೆ ಪ್ರಕೃತಿಯೇ ಕಟ್ಟಿಟ್ಟಿರುತ್ತದೆ. ಮನಸ್ಸು ಎಚ್ಚರವಾಗಿ ಆ ಕಟ್ಟು ಇನ್ನೂ ಬಿಚ್ಚದಿದ್ದರೆ ಹೀಗಾಗುವುದು. ಲೋಕದ ಎಲ್ಲ ದೇಶಗಳ ಜನರಿಗೂ ಆಗುವ ಅನುಭವವಿದು. ಆದರೆ ಬೆಳಗಾದ ಮೇಲೆ ಕಟ್ಟೆಯ ಮೇಲೆ ಯಾರೋ "ಆ ಮುದುಕಿಯ ಮುಖದಂತೆ ಇತ್ತೇ?" ಎಂದು ಕೇಳುತ್ತಾರೆ. ಅಲ್ಲಿಗೆ ಮುಖವಿಲ್ಲದ ನೆರಳಿಗೆ ಮುಖ ಬಂದಿತು. ಸಂಜೆಯ ಹೊತ್ತಿಗೆ ಕಣ್ಣಾರೆ ಕಂಡವರು ಮೂವರಾಗುತ್ತಾರೆ. ಹಿಂದುಮುಂದಿಲ್ಲದ ವಿಧವೆಯೊಬ್ಬಳು ಭಾನಾಮತಿ ಮಾಡಿದವಳಾಗುತ್ತಾಳೆ. ಆಕೆಯ ಬಾಗಿಲಿಗೆ ಕಲ್ಲು ಬೀಳುತ್ತದೆ. ನಮ್ಮ ರಾಜ್ಯದಲ್ಲಿ ಅಮಾನವೀಯ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಶಾಸನವು 2017ರಲ್ಲಿ ಅಂಗೀಕೃತವಾಗಿ 2020ರಲ್ಲಿ ಜಾರಿಗೆ ಬಂದಿತು. ಆದರೆ ಶಾಸನವು ಬರುವುದು ಕಲ್ಲು ಬಿದ್ದ ಮೇಲೆ. ಕಟ್ಟೆಯ ಮೇಲೆ ಕುಳಿತವರಲ್ಲಿ ಒಬ್ಬನಾದರೂ "ತಡೆಯಿರಿ, ಪ್ರಮಾಣಿಸಿ ನೋಡೋಣ" ಎಂದರೆ ಕಲ್ಲು ಕೈಯಲ್ಲಿಯೇ ಉಳಿಯುವುದು. ಈ ಸಭೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ಆ ಒಬ್ಬರಾಗಬೇಕೆಂಬುದೇ ನನ್ನ ಭಾಷಣದ ಉದ್ದೇಶ.

ಹಾಗಾದರೆ ಇಂದ್ರಿಯಗಳನ್ನೇ ಬಿಟ್ಟುಬಿಡೋಣವೇ, ಲೋಕವೆಲ್ಲ ಸುಳ್ಳೆನ್ನೋಣವೇ? ಹಾಗೆನ್ನುವುದು ನಮ್ಮ ಸಿದ್ಧಾಂತಕ್ಕೂ ಸಲ್ಲದು, ವಿವೇಕಕ್ಕೂ ಸಲ್ಲದು. ಶಕ್ತಿವಿಶಿಷ್ಟಾದ್ವೈತವು ಜಗತ್ತನ್ನು ಬರಿಯ ಮಿಥ್ಯೆಯೆಂದು ತಳ್ಳಿಹಾಕುವುದಿಲ್ಲ. ಕಾಯಕವನ್ನು ಕೈಲಾಸವೆಂದು ತಿಳಿದ ಶರಣರಿಗೆ ಈ ಕೈ, ಈ ಕಣ್ಣುಗಳೇ ಸಾಧನಗಳಾಗಿದ್ದುವು. ಅದಲ್ಲದೆ, ತಕ್ಕಡಿಯ ಮುಳ್ಳನ್ನು ನೋಡುವುದೂ ಕಣ್ಣೇ. ಚಂದ್ರನಿಗೆ ಬೆರಳು ಅಡ್ಡ ಹಿಡಿದು ನೋಡಿದ್ದೂ ಕಣ್ಣೇ. ಕಣ್ಣಿನ ತಪ್ಪನ್ನು ತಿದ್ದಿದ್ದು ಕಣ್ಣೇ ಆಯಿತು. ಸಾಕ್ಷಿಯನ್ನು ಹೊರದೂಡುವುದು ನ್ಯಾಯವಲ್ಲ. ಸಾಕ್ಷಿಯನ್ನು ತಾಳ್ಮೆಯಿಂದ ವಿಚಾರಿಸುವುದು ನ್ಯಾಯ.

ವಿಚಾರಿಸುವ ಕ್ರಮವು ಕಠಿಣವಲ್ಲ. ಕಣ್ಣಿಗೆ ಕಂಡುದನ್ನು ಮತ್ತೊಂದು ಇಂದ್ರಿಯದಿಂದ ನೋಡುವುದು. ಹಗ್ಗವನ್ನು ಕೋಲಿನಿಂದ ಮುಟ್ಟಿದಂತೆ. ನಿಂತ ಸ್ಥಳವನ್ನು ಬದಲಿಸಿ ನೋಡುವುದು. ಮರೀಚಿಕೆಯ ಹತ್ತಿರಕ್ಕೆ ನಡೆದಂತೆ. ಅಂದಾಜನ್ನು ಬಿಟ್ಟು ಅಳತೆಯನ್ನು ಹಿಡಿಯುವುದು. ಪೇಟೆಯಲ್ಲಿ ತಕ್ಕಡಿಯನ್ನು ಹಿಡಿದಂತೆ. ನಮ್ಮಂತೆಯೇ ನಂಬದ ಮತ್ತೊಬ್ಬನನ್ನು, ನಾವು ಕಂಡದ್ದೇನೆಂದು ಅವನಿಗೆ ಹೇಳದೆಯೇ, ಕೇಳುವುದು. ಕೊನೆಯದಾಗಿ, ಇಷ್ಟಾದರೂ ಇತ್ಯರ್ಥವಾಗದಿದ್ದರೆ "ಇನ್ನೂ ತಿಳಿಯಲಿಲ್ಲ" ಎನ್ನಲು ನಾಚದಿರುವುದು. ತಿಳಿಯಲಿಲ್ಲವೆಂಬ ಮಾತಿನಿಂದ ಯಾರ ಮನೆಯ ಬಾಗಿಲಿಗೂ ಕಲ್ಲು ಬಿದ್ದ ಉದಾಹರಣೆಯಿಲ್ಲ.

ಅನುಭವ ಮಂಟಪದ ಹೆಸರನ್ನು ಹೇಳಿ ಹೆಮ್ಮೆಪಡುವವರು ನಾವು. ಅನುಭವವೆಂದರೆ ಕಂಡದ್ದೆಲ್ಲವೂ ಅಲ್ಲ. ಹತ್ತು ಜನರ ನಡುವೆ ಇಟ್ಟು, ಪ್ರಶ್ನೆಗೆ ಒಡ್ಡಿ, ಒರೆಗೆ ಹಚ್ಚಿ ಉಳಿದದ್ದು. ಅಕ್ಕಸಾಲಿ ಚಿನ್ನವನ್ನು ಒರೆಗಲ್ಲಿಗೆ ಹಚ್ಚುವುದು ಚಿನ್ನದ ಮೇಲಿನ ದ್ವೇಷದಿಂದಲ್ಲ. ಈ ಮಠದ ನೆರಳಿನಲ್ಲಿ ಓದಿ ಬೆಳೆಯುತ್ತಿರುವ ವಿದ್ಯಾರ್ಥಿಗಳು ಆ ಒರೆಗಲ್ಲನ್ನು ಕೈಯಲ್ಲಿ ಹಿಡಿದು ಹೊರಗೆ ಹೋಗುವಂತಾಗಲಿ ಎಂದು ಹಾರೈಸುತ್ತೇನೆ.